ಕೊರಳಪಟ್ಟಿಗೆ ಬರುವ ಉತ್ತರ

ಪಟ್ಟೆತಲೆ ಹೆಬ್ಬಾತಿನ ಕೊರಳಲ್ಲಿರುವ ಹಸಿರು ಪಟ್ಟಿಯನ್ನು ಓದಲು ತಾಳ್ಮೆ ಬೇಕು. ತೇಲುವಾಗ ಹಕ್ಕಿ ಕತ್ತು ಕುಗ್ಗಿಸಿರುತ್ತದೆ, ಪಟ್ಟಿಯ ಅರ್ಧಭಾಗ ಎದೆಯ ಗರಿಗಳಲ್ಲಿ ಹುದುಗಿಹೋಗಿರುತ್ತದೆ. ಏರಿಯ ಮೇಲೆ ಬೈಕೊಂದು ಸದ್ದು ಮಾಡುತ್ತಾ ಹೋದರೆ ಇಡೀ ಹಿಂಡು ಕತ್ತು ನಿಗುರಿಸುತ್ತದೆ. ಆಗ ಒಂದೆರಡು ಉಸಿರಿನಷ್ಟು ಹೊತ್ತು ಬಿಳಿ ಅಕ್ಷರಗಳು ಕಾಣುತ್ತವೆ. ಅಷ್ಟರಲ್ಲಿ ಪಕ್ಕದ ಹಕ್ಕಿ ಅಡ್ಡ ಬರುತ್ತದೆ. ಒಂಬತ್ತು ಗಂಟೆ ದಾಟಿ ಬಿಸಿಲು ಏರಿತೆಂದರೆ ನೀರಿನ ಮೇಲಿನ ಗಾಳಿ ನಡುಗಲು ಶುರುವಾಗಿ, ಇಂಗ್ಲಿಷಿನ ಬಿ ಅಕ್ಷರವೂ ಎಂಟರ ಅಂಕಿಯೂ ದೂರದರ್ಶಕದಲ್ಲಿ ಒಂದೇ ಆಗಿಬಿಡುತ್ತವೆ. ಹಾಗಾಗಿ ಪಟ್ಟಿ ಓದುವವರು ಮಂಜು ಕರಗಿದ ಕೂಡಲೇ, ಸೂರ್ಯನಿಗೆ ಬೆನ್ನು ಹಾಕಿ ಕೂತಿರಬೇಕು.

ಹದಿನಾರು ಕೆರೆ ನಂಜನಗೂಡು ತಾಲ್ಲೂಕಿನದು, ಸುತ್ತೂರಿಗೆ ಹತ್ತಿರ. ಅಲ್ಲಿಂದ ಪೂರ್ವಕ್ಕೆ ಹೋದರೆ ಕಪಿಲೆ ಕಾವೇರಿಯನ್ನು ಕೂಡುವ ತಿ. ನರಸೀಪುರ. ಮೈಸೂರು ಒಡೆಯರ ಮೂಲದ ಕಥೆಯಲ್ಲಿ ಬರುವ ಹದಿನಾಡು ಈ ಊರೇ. ಚಳಿಗಾಲದಲ್ಲಿ ದೂರದವರು ಇಲ್ಲಿಗೆ ಬರುವುದು ಮಾತ್ರ ಹೆಬ್ಬಾತುಗಳಿಗಾಗಿ. ಬೂದು ಮೈ, ಬಿಳಿ ತಲೆ, ನೆತ್ತಿಯ ಹಿಂದೆ ಎರಡು ಕಪ್ಪು ಪಟ್ಟೆ, ತುದಿ ಕಪ್ಪಾದ ಹಳದಿ ಕೊಕ್ಕು. ಹಗಲೆಲ್ಲ ಕೆರೆಯ ನಡುವಿನಲ್ಲೋ ನೀರಿಳಿದ ಅಂಚಿನಲ್ಲೋ ಮಲಗಿರುತ್ತವೆ. ಹೊತ್ತು ಮುಳುಗುತ್ತಲೇ ಸಾಲುಕಟ್ಟಿ ಗದ್ದೆಗಳಿಗೆ ಮೇಯಲು ಹೋಗುತ್ತವೆ. ಕೊಯ್ಲಾದ ಗದ್ದೆಯ ಕೂಳೆಯಲ್ಲಿ ಉದುರಿದ ಕಾಳು, ಎಳೆಹುಲ್ಲು ತಿಂದರೆ ರೈತರದ್ದೇನೂ ತಕರಾರಿಲ್ಲ. ಬೇಸಿಗೆ ಬೆಳೆಗೆ ಹಾಕಿದ ಒಟ್ಲಿಗೆ ಇಳಿದರೆ ತಕರಾರು, ಅದು ನ್ಯಾಯವೂ ಹೌದು.

ಈ ಸಾಲಿನ ಜನವರಿಯಲ್ಲಿ ಪಟ್ಟಿ ಕಟ್ಟಿದ ಹಕ್ಕಿಯನ್ನು ಮೊದಲು ಕಂಡವರು ಕೆರೆಯಂಚಿನಲ್ಲಿ ಎಮ್ಮೆ ಬಿಟ್ಟಿದ್ದ ಹಿರಿಯರೊಬ್ಬರು. ನಾನು ಆಚೆಯ ದಂಡೆಯ ಹಿಂಡನ್ನು ನೋಡುತ್ತಿದ್ದೆ. ಅವರು ಹತ್ತಿರ ಬಂದು, “ಸಾ, ಆ ಕಡೆ ಒಂದಿದೆ ನೋಡಿ, ಕತ್ಗೆ ಹಸ್ರು ಬಳೆ ಹಾಕವ್ರೆ. ಯಾರ್ ಸಾಕಿರೋದು ಅದ್ನ?” ಎಂದರು. ಯಾರೂ ಸಾಕಿದ್ದಲ್ಲ, ಮೊಂಗೋಲಿಯಾದಲ್ಲಿ ಹಿಡಿದು ಗುರುತು ಹಾಕಿ ಬಿಟ್ಟದ್ದಿರಬೇಕು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಅವ್ರಿಗೆ ಒಂದ್ ಮಾತು ತಿಳಿಸ್ಬೇಕಲ್ವಾ, ಇಲ್ಲಿ ಚೆನ್ನಾಗದೆ ಅಂತ” ಎಂದರು. ಪಕ್ಷಿ ವೀಕ್ಷಣೆಯ ಪಾಠಗಳಲ್ಲಿ ಇದಕ್ಕಿಂತ ಮುಖ್ಯವಾದುದನ್ನು ನಾನು ಕೇಳಿಲ್ಲ.

ತಿಳಿಸುವುದಕ್ಕೆಂದೇ ಆ ಪಟ್ಟಿ ಇರುವುದು. ಮಧ್ಯ ಮೊಂಗೋಲಿಯಾದ ಟೆರ್ಖೀನ್ ತ್ಸಾಗಾನ್‌ನಂಥ ಸರೋವರಗಳಲ್ಲಿ ಹೆಬ್ಬಾತುಗಳು ಮರಿಮಾಡುತ್ತವೆ. ಬೇಸಿಗೆಯಲ್ಲಿ ರೆಕ್ಕೆಯ ದೊಡ್ಡ ಗರಿಗಳೆಲ್ಲ ಒಟ್ಟಿಗೇ ಉದುರಿ, ಹೊಸವು ಬರುವವರೆಗೆ ಕೆಲವು ವಾರ ಅವು ಹಾರಲಾರವು. ಆ ಕಾಲ ನೋಡಿಕೊಂಡು ಅಲ್ಲಿನ ವನ್ಯಜೀವಿ ವಿಜ್ಞಾನ ಮತ್ತು ಸಂರಕ್ಷಣಾ ಕೇಂದ್ರದವರು ಹಕ್ಕಿಗಳನ್ನು ಬಲೆಯತ್ತ ಅಟ್ಟಿ ಹಿಡಿದು, ಕಾಲಿಗೆ ಲೋಹದ ಉಂಗುರ, ಕೊರಳಿಗೆ ಹಗುರವಾದ ಪ್ಲಾಸ್ಟಿಕ್ ಪಟ್ಟಿ ತೊಡಿಸಿ ಬಿಡುತ್ತಾರೆ. ಕಾಲಿನ ಉಂಗುರದ ಅಂಕಿಯನ್ನು ಓದಲು ಸಾಮಾನ್ಯವಾಗಿ ಹಕ್ಕಿ ಕೈಗೆ ಸಿಗಬೇಕು, ಎಂದರೆ ಹೆಚ್ಚಿನ ಪಾಲು ಸತ್ತಿರಬೇಕು. ಕೊರಳಿನದನ್ನು ಬದುಕಿರುವ ಹಕ್ಕಿಯಲ್ಲೇ, ವರ್ಷ ವರ್ಷವೂ, ಬೇರೆ ಬೇರೆ ಊರಿನವರು ಓದಬಹುದು. ಟಿಬೆಟ್ಟಿನ ಪ್ರಸ್ಥಭೂಮಿ, ಹಿಮಾಲಯ, ಗಂಗೆಯ ಬಯಲು ದಾಟಿ ನಮ್ಮ ಕಪಿಲೆಯ ಸೀಮೆಗೆ ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ. ಉಪಗ್ರಹ ಸಾಧನ ಹೊತ್ತ ಈ ಜಾತಿಯ ಹಕ್ಕಿಯೊಂದು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ.

ಪಟ್ಟಿಯ ಬಣ್ಣ, ಅಕ್ಷರ, ದಿನಾಂಕ, ಕೆರೆಯ ಹೆಸರು, ಜೊತೆಗಿದ್ದ ಹಕ್ಕಿಗಳ ಅಂದಾಜು, ಸಾಧ್ಯವಾದರೆ ಒಂದು ಚಿತ್ರ: ಇಷ್ಟನ್ನು ಬರೆದು ಪಟ್ಟಿ ತೊಡಿಸಿದವರಿಗೆ ಕಳಿಸಿದರೆ ಉತ್ತರ ಬರುತ್ತದೆ. ಉತ್ತರದಲ್ಲಿ ಪಟ್ಟಿ ತೊಡಿಸಿದ ದಿನ, ಸರೋವರದ ಹೆಸರು, ಅಂದು ಅದು ಮರಿಯೋ ಪ್ರಾಯದ್ದೋ ಎಂಬ ವಿವರ ಇರುತ್ತದೆ. ಅದರ ಕೆಳಗೆ, ಯಾರಾದರೂ ಮೊದಲೇ ಕಂಡಿದ್ದರೆ, ಎಲ್ಲಿ ಯಾವಾಗ ಕಂಡರೆಂಬ ಯಾದಿ. ನನ್ನನ್ನು ಬಹಳ ಹೊತ್ತು ಹಿಡಿದಿಡುವುದು ಆ ಯಾದಿಯೇ. ನಾವು ಕಳಿಸಿದ ಒಂದು ಸಾಲು ಅದರ ಕೊನೆಗೆ ಸೇರಿರುತ್ತದೆ. ಮುಂದೆ ಇನ್ನೆಲ್ಲೋ ಅದೇ ಹಕ್ಕಿಯನ್ನು ಕಂಡವರಿಗೆ ಹೋಗುವ ಉತ್ತರದಲ್ಲಿ ಹದಿನಾರಿನ ಹೆಸರೂ ಇರುತ್ತದೆ. ಒಬ್ಬರನ್ನೊಬ್ಬರು ನೋಡದ, ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಜನ ಒಂದೇ ಹಕ್ಕಿಯ ಬದುಕನ್ನು ಸಾಲು ಸಾಲಾಗಿ ಬರೆಯುತ್ತಾ ಹೋಗುತ್ತಾರೆ. ಯಾರೊಬ್ಬರ ಸಾಲನ್ನೂ ಬೇರೆಯಾಗಿ ತೆಗೆದು ನೋಡಿದರೆ ಅದರಲ್ಲಿ ಹೆಚ್ಚಿನದೇನೂ ಇಲ್ಲ.

ಹಕ್ಕಿಯ ಕಾಲಿಗೆ ಅಂಕಿ ಬರೆದ ಅಲ್ಯೂಮಿನಿಯಂ ಉಂಗುರ ಹಾಕುವ ಪದ್ಧತಿಯನ್ನು ಕ್ರಮಬದ್ಧವಾಗಿ ಆರಂಭಿಸಿದವರು ಡೆನ್ಮಾರ್ಕಿನ ಶಾಲಾ ಮೇಷ್ಟರು ಮಾರ್ಟೆನ್ಸನ್, 1899ರಲ್ಲಿ. ನಮ್ಮ ದೇಶದಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ನಡೆದುದರ ಹಿಂದೆ ಕರ್ನಾಟಕದ ಕಾಡೊಂದರ ಕಥೆಯಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನ ಜ್ವರದಲ್ಲಿ ಬಿದ್ದರು. ಆ ವೈರಸ್ ಸೈಬೀರಿಯಾದ ಓಮ್ಸ್ಕ್ ಜ್ವರದ ವೈರಸ್ಸಿಗೆ ಹತ್ತಿರದ್ದೆಂದು ತಿಳಿದಾಗ, ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಯಿಂದ ಬಂದಿರಬಹುದೇ ಎಂಬ ಅನುಮಾನ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆತು, ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆ ಹಿಡಿಯಿತು. ಸಿಕ್ಕವರು ಸೊಸೈಟಿಗೆ ತಿಳಿಸಿ ಎಂಬ ಒಕ್ಕಣೆ ಆ ಉಂಗುರದ ಮೇಲೇ ಇತ್ತು. ಹೆಬ್ಬಾತುಗಳ ವಿಷಯದಲ್ಲೂ ರೋಗವೇ ಕಣ್ಣು ತೆರೆಸಿತು. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರಕ್ಕೆ ಆರು ಸಾವಿರಕ್ಕೂ ಹೆಚ್ಚು ಹಕ್ಕಿಗಳು ಸತ್ತವು, ಅವುಗಳಲ್ಲಿ ದೊಡ್ಡ ಪಾಲು ಈ ಪಟ್ಟೆತಲೆಯವೇ. ಅವು ಚಳಿಗಾಲ ಕಳೆಯುವುದೆಲ್ಲಿ, ನಡುವೆ ತಂಗುವುದೆಲ್ಲಿ ಎಂಬ ಪ್ರಶ್ನೆ ಆಮೇಲೆ ತುರ್ತಿನದಾಯಿತು.

ಉತ್ತರ ಬರುವುದು ದೂರದ ದೇಶದಿಂದಲೇ ಆಗಬೇಕೆಂದೇನೂ ಇಲ್ಲ. ಒಂದು ವಾರ ಹದಿನಾರಿನಲ್ಲಿ ಹೆಬ್ಬಾತು ಸಾಕಷ್ಟಿದ್ದು, ಮರುವಾರ ನೀರು ಹಕ್ಕಿಗಳಿಲ್ಲದೆ ಬರಿದಾಗಿ ಕಂಡರೆ ಅಲ್ಲಿ ನಿಂತವರು “ಹಕ್ಕಿ ಕಡಿಮೆಯಾಗಿವೆ” ಎಂದು ಬರೆಯುತ್ತಾರೆ. ಅದೇ ಹೊತ್ತಿಗೆ ತಿ. ನರಸೀಪುರದ ಕಡೆಯ ಒಂದು ಕೆರೆಯಲ್ಲಿ ನಿಂತವರು “ಈ ವರ್ಷ ಹೆಚ್ಚು ಬಂದಿವೆ” ಎನ್ನುತ್ತಾರೆ. ಎರಡೂ ನಿಜ, ಬಿಡಿಯಾಗಿ ಇಟ್ಟರೆ ಎರಡೂ ದಾರಿ ತಪ್ಪಿಸುತ್ತವೆ. ಒಬ್ಬರ ಟಿಪ್ಪಣಿಯನ್ನು ಇನ್ನೊಬ್ಬರು ಓದಿ, “ನಿಮ್ಮವು ಇಲ್ಲಿವೆ, ಅಲ್ಲಿ ಮೀನಿನ ಬಲೆ ಬಿಟ್ಟ ದಿನದಿಂದ ಇಲ್ಲಿಗೆ ಬಂದಂತಿದೆ” ಎಂದು ಒಂದು ಮಾತು ಸೇರಿಸಿದಾಗ ಸಂಗತಿ ತಿಳಿಯುತ್ತದೆ. ಏಷ್ಯಾದ ನೀರುಹಕ್ಕಿ ಗಣತಿಯನ್ನು 1987ರಿಂದ ಜನವರಿಯಲ್ಲಿ ಸರಿಸುಮಾರು ಒಂದೇ ಹೊತ್ತಿಗೆ ಎಲ್ಲೆಡೆ ಮಾಡುತ್ತಿರುವುದರ ಹಿಂದಿನ ವಿಚಾರವೂ ಇದೇ.

ಅನುಮಾನದ ಮಾತೂ ಅಷ್ಟೇ ಬೇಕಾದದ್ದು. ಚಿತ್ರ ನೋಡಿದ ಗೆಳೆಯರೊಬ್ಬರು “ಅದು ಬಿ ಅಲ್ಲ, ಎಂಟು ಇರಬಹುದು, ಇನ್ನೊಂದು ಚಿತ್ರವಿದೆಯೇ?” ಎಂದು ಕೇಳಿದರೆ ಕೆಲವರಿಗೆ ಮುಖ ಸಣ್ಣದಾಗುತ್ತದೆ. ಆಗಬಾರದು. ಒಂದು ಅಕ್ಷರ ತಪ್ಪಿದರೆ ಬೇರೊಂದು ಹಕ್ಕಿಯ ಬದುಕಿನೊಳಗೆ ಇದರ ದಾರಿ ಸೇರಿಹೋಗುತ್ತದೆ, ಎಂದೋ ಸತ್ತ ಹಕ್ಕಿ ಕಾಗದದಲ್ಲಿ ಎದ್ದು ಹಾರುತ್ತದೆ. 1960ರ ಆಸುಪಾಸಿನಲ್ಲಿ ಜಾಫರ್ ಫತೇಹಳ್ಳಿಯವರು ಆರಂಭಿಸಿದ ಪಕ್ಷಿ ವೀಕ್ಷಕರ ಸುದ್ದಿಪತ್ರಿಕೆಯಲ್ಲಿ ಓದುಗರ ಪತ್ರಗಳಿಗೆ ಜಾಗವಿತ್ತು. ಒಬ್ಬರು ಕಂಡದ್ದನ್ನು ಬರೆದರೆ ಇನ್ನೊಬ್ಬರು ಒಪ್ಪಿಯೋ ಒಪ್ಪದೆಯೋ ಮರುಬರೆಯಬಹುದಿತ್ತು. ಆ ಪತ್ರಗಳಿಂದ ಎಷ್ಟೋ ಹವ್ಯಾಸಿಗಳು ಸರಿಯಾಗಿ ನೋಡುವುದನ್ನು ಕಲಿತರು. ಈಗ ಕ್ಯಾಮೆರಾ ಎಲ್ಲರ ಕೈಯಲ್ಲಿದೆ, ಚಿತ್ರಗಳು ಲೆಕ್ಕವಿಲ್ಲದಷ್ಟು. ಊರು, ದಿನಾಂಕ ಹೇಳದ ಚಿತ್ರ ಎಷ್ಟೇ ಚೆಂದವಿದ್ದರೂ ಯಾವ ಯಾದಿಗೂ ಸೇರುವುದಿಲ್ಲ ಎಂಬುದು ನನಗೆ ನಿಜಕ್ಕೂ ಸಂಕಟದ ವಿಷಯ.

ಇನ್ನೊಂದು ಸಾಲ ನಮ್ಮ ಮೇಲಿದೆ. ಹೆಬ್ಬಾತು ಬಂದ ದಿನ, ಹೋದ ದಿನ, ಯಾವ ಗದ್ದೆಗೆ ಇಳಿಯುತ್ತವೆ, ಯಾವ ವರ್ಷ ಕೋಡಿ ಹರಿದು ತಡವಾಗಿ ಬಂದವು ಎಂಬುದೆಲ್ಲ ಎಮ್ಮೆ ಮೇಯಿಸುವವರಿಗೆ, ತೆಪ್ಪದಲ್ಲಿ ಬಲೆ ಬಿಡುವವರಿಗೆ ಗೊತ್ತು. ಅವರ ಬಾಯಿಂದ ಕೇಳಿ, ನಮ್ಮ ಹೆಸರಿನಲ್ಲಿ ಬರೆದು, ಬಂದ ಉತ್ತರವನ್ನು ನಾವೇ ಇಟ್ಟುಕೊಳ್ಳುತ್ತೇವೆ. ಇದು ಸರಿಯಲ್ಲ. ವರದಿಯಲ್ಲಿ ಅವರ ಒಪ್ಪಿಗೆ ಪಡೆದು ಅವರ ಹೆಸರು ಹಾಕಬೇಕು. ಒಟ್ಲು ಹಾಳಾದ ಸಂಗತಿಯನ್ನೂ ಬರೆಯಬೇಕು.

ಈ ಚಳಿಗಾಲದಲ್ಲಿ ನಂಜನಗೂಡು, ತಿ. ನರಸೀಪುರದ ಯಾವ ಕೆರೆಯಲ್ಲೇ ಆಗಲಿ ಪಟ್ಟಿ ಕಟ್ಟಿದ ಹಕ್ಕಿ ಕಂಡರೆ ಹತ್ತಿರ ಹೋಗಿ ಎಬ್ಬಿಸಬೇಡಿ. ಬಣ್ಣ, ಅಕ್ಷರ, ದಿನಾಂಕ, ಕೆರೆಯ ಹೆಸರನ್ನು ಅಂದೇ ಬರೆದಿಡಿ, ಅಕ್ಷರದಲ್ಲಿ ಅನುಮಾನವಿದ್ದರೆ ಅನುಮಾನವನ್ನೂ ಬರೆಯಿರಿ, ಪಟ್ಟಿ ತೊಡಿಸಿದವರಿಗೆ ಕಳಿಸಿಕೊಡಿ. ಉತ್ತರ ಬಂದಾಗ ಅದನ್ನು ಹಿಡಿದು ಮತ್ತೆ ಆ ಕೆರೆಗೆ ಹೋಗಿ, ಹಕ್ಕಿಯನ್ನು ನಿಮಗೆ ತೋರಿಸಿದವರಿಗೆ ಕನ್ನಡದಲ್ಲಿ ಓದಿ ಹೇಳಿ.