ಪರದೇಶದಲ್ಲಿ ಪವಿತ್ರ ಕುಟುಂಬ



ಕ್ರಿಸ್ತಜಯಂತಿಯ ಸಡಗರ ಮುಗಿಯುವ ಮುನ್ನವೇ ಧರ್ಮಸಭೆಯು ಪವಿತ್ರ ಕುಟುಂಬದ ಹಬ್ಬವನ್ನು ಆಚರಿಸುತ್ತದೆ. ಹೆರೋದನ ಕತ್ತಿಯಿಂದ ಮಗುವನ್ನು ಉಳಿಸಲು ಸಂತ ಜೋಸೆಫರು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟರೆಂದು ಸಂತ ಮತ್ತಾಯರ ಶುಭಸಂದೇಶ ತಿಳಿಸುತ್ತದೆ. ಲೋಕೋದ್ಧಾರಕರೇ ಪರದೇಶಿಯಾಗಿ ಬಾಳಿದರು.

ಈ ದಿನಗಳಲ್ಲಿ ಮೈಸೂರಿನ ಎಷ್ಟೋ ಮನೆಗಳಿಗೆ ವಿದೇಶದಿಂದ ಮಕ್ಕಳ ಫೋನು ಬರುತ್ತದೆ. "ಚೆನ್ನಾಗಿದ್ದೀವಿ ಅಮ್ಮ" ಎನ್ನುತ್ತಾರೆ. ಬಸ್ಸಿನಲ್ಲಿ ಪಕ್ಕದಿಂದ ಎದ್ದುಹೋದವರ, ಹೆಸರು ಕೇಳಿದೊಡನೆ ಬಾಡಿಗೆಗೆ ಮನೆಯಿಲ್ಲ ಎಂದವರ, ಉಚ್ಚಾರಣೆಯನ್ನು ಅಣಕಿಸಿದವರ ಸುದ್ದಿ ಎತ್ತುವುದಿಲ್ಲ. ಹೆತ್ತವರು ನೊಂದಾರೆಂಬ ಅಳುಕು.

2009ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಒಂದರ ಮೇಲೊಂದು ಹಲ್ಲೆಗಳಾದವು. 2017ರ ಫೆಬ್ರವರಿ 22ರಂದು ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿ, ನನ್ನ ದೇಶ ಬಿಟ್ಟು ತೊಲಗಿ ಎಂದು ಅರಚಿದವನ ಗುಂಡಿಗೆ ಎಂಜಿನಿಯರ್ ಶ್ರೀನಿವಾಸ ಕೂಚಿಭೋಟ್ಲ ಬಲಿಯಾದರು. ಹಂತಕನನ್ನು ತಡೆಯಲು ಮುನ್ನುಗ್ಗಿ ತಾವೂ ಗುಂಡು ತಿಂದು ಬದುಕುಳಿದವರು ಇಯಾನ್ ಗ್ರಿಲಟ್ ಎಂಬ ಬಿಳಿಯ ಅಮೆರಿಕನ್ನರು. ಅಲ್ಲಿ ಕಾಯಿನನೂ ಇದ್ದನು, ದಯಾಳು ಸಮಾರಿಯದವನೂ ಇದ್ದನು. ಒಬ್ಬನ ಪಾಪಕ್ಕಾಗಿ ಇಡೀ ದೇಶವನ್ನು ದ್ವೇಷಿಸಿದರೆ ಎರಡನೆಯವನು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಹಾಗೆಂದು ಅವಮಾನವನ್ನು ನುಂಗಿಕೊಂಡಿರಬೇಕೇ? ಇಲ್ಲ. ಪ್ರಧಾನಯಾಜಕನ ಮುಂದೆ ಕೆನ್ನೆಗೆ ಪೆಟ್ಟು ಬಿದ್ದಾಗ ಪ್ರಭುಯೇಸು ತಿರುಗಿ ಹೊಡೆಯಲಿಲ್ಲ; ಆದರೆ ಹೊಡೆದದ್ದೇಕೆಂದು ಕೇಳಿದರು. ಸಹನೆ ಬೇರೆ, ಮೌನ ಬೇರೆ. ನಡೆದದ್ದನ್ನು ದಿನಾಂಕ, ಸ್ಥಳ ಸಹಿತ ಬರೆದಿಟ್ಟು ಕಾಲೇಜಿಗೋ ಕಂಪನಿಗೋ ಪೊಲೀಸರಿಗೋ ದೂರು ಕೊಡಬೇಕು. ಭಾರತೀಯ ದೂತಾವಾಸವಿದೆ, ವಿದೇಶಾಂಗ ಸಚಿವಾಲಯದ 'ಮದದ್' ಜಾಲತಾಣವಿದೆ. ಭಾನುವಾರದ ಬಲಿಪೂಜೆಗೆ ಹೋದರೆ ಅಲ್ಲಿನ ಧರ್ಮಕೇಂದ್ರದಲ್ಲಿ ನಾಲ್ಕು ಜನ ಪರಿಚಯವಾಗುತ್ತಾರೆ. ಇತ್ತ ಹೆತ್ತವರು "ಹೊಂದಿಕೊಂಡು ಹೋಗು" ಎಂದು ಬಾಯಿ ಮುಚ್ಚಿಸದೆ ಪೂರ್ತಿ ಕೇಳಿಸಿಕೊಳ್ಳಬೇಕು. ದೇವರ ಸ್ವರೂಪದಲ್ಲಿ ಸೃಷ್ಟಿಯಾದ ನಿನ್ನ ಬೆಲೆಯನ್ನು ಬೇರೆ ಯಾರೂ ಕಟ್ಟಲಾರರು ಎಂದು ಧೈರ್ಯ ಹೇಳಬೇಕು.

ಕೊನೆಯದಾಗಿ, ನಮ್ಮ ಹೊಸ್ತಿಲನ್ನೂ ನೋಡಿಕೊಳ್ಳೋಣ. 2012ರ ಆಗಸ್ಟ್‌ನಲ್ಲಿ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ರೈಲು ಹತ್ತಿದರು. ಅದೇ ದಿನಗಳಲ್ಲಿ ನಮ್ಮ ಮೈಸೂರಿನಲ್ಲೇ ಟಿಬೆಟನ್ ವಿದ್ಯಾರ್ಥಿಯೊಬ್ಬನಿಗೆ ಚೂರಿ ಇರಿತವಾಯಿತು. ಮದುವೆಯ ಮಾತುಕತೆಯಲ್ಲಿ "ಹುಡುಗಿ ಸ್ವಲ್ಪ ಕಪ್ಪು" ಎನ್ನುವವರು ನಾವೇ. ಆಫ್ರಿಕಾದ ವಿದ್ಯಾರ್ಥಿಗೆ ಬಾಡಿಗೆಗೆ ಮನೆ ಕೊಡಲು ಹಿಂಜರಿಯುವವರೂ ನಾವೇ. ನಮ್ಮ ಮಕ್ಕಳಿಗೆ ಅಲ್ಲಿ ಬೇಕಾದ ಗೌರವವನ್ನು ಇಲ್ಲಿ ಇನ್ನೊಬ್ಬರ ಮಕ್ಕಳಿಗೆ ಕೊಡೋಣ. ಊರಿಗೆ ಹೋಗಲಾಗದ ಒಬ್ಬ ವಿದ್ಯಾರ್ಥಿಯನ್ನಾದರೂ ಈ ಹಬ್ಬದಂದು ಊಟಕ್ಕೆ ಕರೆಯೋಣ. ಅವರ ರೂಪದಲ್ಲಿ ನಮ್ಮ ಬಾಗಿಲಿಗೆ ಬರುವವರು ಪ್ರಭುಯೇಸುವೇ.

ಪವಿತ್ರ ಕುಟುಂಬವು ದೂರದಲ್ಲಿರುವ ನಮ್ಮ ಮಕ್ಕಳನ್ನು ಕಾಪಾಡಲಿ.