ಎರಡೂವರೆ ಲಕ್ಷದ ಹೆಡ್‌ಫೋನ್ ಹಾಕಿದರೆ ಹಾಡಿನ ಗುಟ್ಟು ಕೇಳಿಸುತ್ತದೆಯೇ?

ದುಬಾರಿ ಹೆಡ್‌ಫೋನ್ ಒಂದರ ಫೋಟೋ. ಅದರ ಕೆಳಗೆ ಬಾಯಿ ಬಿಟ್ಟ ಇಮೋಜಿ. 'ನೀವು ಇಷ್ಟು ದಿನ ಕೇಳಿದ್ದು ಅರ್ಧ ಹಾಡು ಮಾತ್ರ. ದೊಡ್ಡ ಸಂಗೀತ ನಿರ್ದೇಶಕರು ಬಳಸುವುದು ಇದನ್ನೇ. ಇದರಲ್ಲಿ ಮಾತ್ರ ಎಲ್ಲ ವಾದ್ಯಗಳೂ ಕೇಳಿಸುತ್ತವೆ' ಎಂಬ ಒಕ್ಕಣೆ. ಇಂಥ ಫಾರ್ವರ್ಡ್ ನಿಮ್ಮ ಗುಂಪಿಗೂ ಬಂದಿರಬಹುದು.

ಅದನ್ನು ನಮಗೆ ಕಳಿಸಿದ ಓದುಗರೊಬ್ಬರಿಗೆ ಇದು ಬರೀ ಫಾರ್ವರ್ಡ್ ಆಗಿರಲಿಲ್ಲ. ಅವರು ಮನೆಯಲ್ಲೇ ಕಿರುಚಿತ್ರಗಳಿಗೆ ಸಂಗೀತ ಮಾಡುತ್ತಾರೆ. ಅವರು ಮಿಕ್ಸ್ ಮಾಡಿದ ಹಾಡು ಹೆಡ್‌ಫೋನಿನಲ್ಲಿ ಸೊಗಸಾಗಿರುತ್ತದೆ, ಕಾರಿನಲ್ಲಿ ಹಾಕಿದರೆ ಬಾಸ್ ಗುಡುಗುತ್ತದೆ, ಹಾಡುವವರ ದನಿ ಹಿಂದೆ ಸರಿಯುತ್ತದೆ. ಇದಕ್ಕೆಲ್ಲ ಹಳೆಯ ಹೆಡ್‌ಫೋನೇ ಕಾರಣ ಎಂದು ನಂಬಿ, ಸುಮಾರು ಎರಡೂವರೆ ಲಕ್ಷದ ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನನ್ನು ಇಎಂಐ ಮೇಲೆ ಕೊಳ್ಳಲು ಹೊರಟಿದ್ದರು. 'ತಗೊಳ್ಳಲೋ ಬೇಡವೋ? ಎರಡು ದಿನದಲ್ಲಿ ಆಫರ್ ಮುಗಿಯುತ್ತೆ' ಎಂದು ಕೇಳಿದ್ದರು.

ಕ್ಲೋಸ್ಡ್ ಬ್ಯಾಕ್ ಅಂದರೇನು?

ಹೆಡ್‌ಫೋನಿನ ಕಪ್ಪಿನ ಹೊರಬದಿ ಪೂರ್ತಿ ಮುಚ್ಚಿದ್ದರೆ ಅದು ಕ್ಲೋಸ್ಡ್ ಬ್ಯಾಕ್. ಅಲ್ಲಿ ಜಾಲರಿ ಇದ್ದು ಗಾಳಿಯಾಡುವಂತಿದ್ದರೆ ಓಪನ್ ಬ್ಯಾಕ್. ಹಾಡುವವರು ಮೈಕ್ ಮುಂದೆ ನಿಂತಾಗ ಕಿವಿಯಲ್ಲಿ ಕೇಳುವ ತಾಳ ಮೈಕಿಗೆ ಸೋರಬಾರದು. ಅದಕ್ಕೇ ರೆಕಾರ್ಡಿಂಗ್‌ಗೆ ಕ್ಲೋಸ್ಡ್ ಬ್ಯಾಕ್ ಬೇಕು. ಸೋನಿಯ ಎಂಡಿಆರ್-7506 ಎಂಬ ಮಾದರಿ 1991ರಿಂದ ಸ್ಟುಡಿಯೋಗಳಲ್ಲಿ ಈ ಕೆಲಸ ಮಾಡುತ್ತಿದೆ. ಅದು ಲಕ್ಷದ ವಸ್ತುವಲ್ಲ ಎಂಬುದನ್ನು ಫಾರ್ವರ್ಡ್ ಹೇಳುವುದಿಲ್ಲ.

ಮುಚ್ಚಿದ ಕಪ್ಪಿಗೆ ಒಂದು ಹುಟ್ಟು ತೊಂದರೆ ಇದೆ. ಒಳಗಿನ ಡ್ರೈವರ್ ಕಿವಿಯ ಕಡೆಗೆ ಎಷ್ಟು ಸದ್ದು ಮಾಡುತ್ತದೋ ಹಿಂಬದಿಗೂ ಅಷ್ಟೇ ಮಾಡುತ್ತದೆ. ಓಪನ್ ಬ್ಯಾಕಿನಲ್ಲಿ ಆ ಹಿಂದಿನ ಸದ್ದು ಜಾಲರಿಯಿಂದ ಹೊರಟುಹೋಗುತ್ತದೆ. ಇಲ್ಲಿ ಅದು ಗೋಡೆಗೆ ಬಡಿದು ಮರಳಿ ಬರುತ್ತದೆ. ಲೆಕ್ಕ ಹಾಕಿ ನೋಡಿ: ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಕಪ್ಪಿನೊಳಗೆ ಎದುರುಬದುರು ಗೋಡೆಗಳ ನಡುವೆ 3.5 ಸೆಂಟಿಮೀಟರ್ ಅಂತರ ಇದ್ದರೆ 4,900 ಹರ್ಟ್ಸ್ ಆಸುಪಾಸಿನ ಸದ್ದು ಅಲ್ಲಿ ಅನುರಣಿಸುತ್ತದೆ. ಖಾಲಿ ಬಿಂದಿಗೆಯೊಳಗೆ ಮಾತಾಡಿದರೆ ಒಂದು ಸ್ವರ ಮಾತ್ರ ಗುಂಯ್‌ಗುಡುತ್ತದಲ್ಲ, ಹಾಗೆ. ಮನುಷ್ಯನ ಕಿವಿ ತುಂಬಾ ಚುರುಕಾಗಿರುವುದು ಸುಮಾರು 2,000ದಿಂದ 5,000 ಹರ್ಟ್ಸ್ ನಡುವೆ. ಹಾಡುವವರ ಉಚ್ಚಾರದ ಸ್ಪಷ್ಟತೆ ಬಹುಪಾಲು ಇರುವುದೂ ಅಲ್ಲೇ. ಹೆಡ್‌ಫೋನ್ ಆ ಭಾಗವನ್ನು ತಾನಾಗಿಯೇ ಎತ್ತಿ ಕೊಟ್ಟರೆ, ಮಿಕ್ಸ್ ಮಾಡುವವರಿಗೆ 'ದನಿ ಜಾಸ್ತಿಯಾಯಿತು' ಎನಿಸುತ್ತದೆ, ಅವರು ತಗ್ಗಿಸುತ್ತಾರೆ. ಬೇರೆ ಸ್ಪೀಕರಿನಲ್ಲಿ ಕೇಳಿದಾಗ ದನಿ ಹಿಂದೆ ಹೋಗಿರುತ್ತದೆ.

ದುಬಾರಿ ಮಾದರಿಗಳಲ್ಲಿ ಹಣ ಖರ್ಚಾಗುವುದು ಹೆಚ್ಚಾಗಿ ಇಂಥ ತೊಂದರೆ ಬಗೆಹರಿಸಲು. 2021ರಲ್ಲಿ ಬಂದ ಡ್ಯಾನ್ ಕ್ಲಾರ್ಕ್ ಆಡಿಯೋ ಕಂಪನಿಯ 'ಸ್ಟೆಲ್ತ್' ಹೆಡ್‌ಫೋನಿನಲ್ಲಿ ಡ್ರೈವರಿಗೂ ಕಿವಿಗೂ ನಡುವೆ ಸಣ್ಣ ಸಣ್ಣ ಕೊಳವೆಗಳ ರಚನೆಯೊಂದನ್ನು ಇಟ್ಟು ಬೇಡದ ಅನುರಣನವನ್ನು ಹೀರಿಸುತ್ತಾರೆ. ಅಮೆರಿಕದಲ್ಲಿ ಅದರ ಬೆಲೆ 4,000 ಡಾಲರ್ ಇತ್ತು. ಫ್ರಾನ್ಸಿನ ಫೋಕಲ್ ಕಂಪನಿ 2019ರಲ್ಲಿ ತಂದ 'ಸ್ಟೆಲಿಯಾ'ದಲ್ಲಿ ಡ್ರೈವರಿನ ಪೊರೆಯನ್ನು ಬೆರಿಲಿಯಂ ಎಂಬ ಹಗುರ, ಗಡುಸು ಲೋಹದಿಂದ ಮಾಡಿದ್ದಾರೆ. ಆದ್ದರಿಂದ 'ಎಲ್ಲಾ ಬರೀ ಹೆಸರಿಗೆ ದುಡ್ಡು' ಎನ್ನುವ ಎದುರು ಫಾರ್ವರ್ಡ್ ಕೂಡ ಪೂರ್ತಿ ನಿಜವಲ್ಲ.

ಬೆಲೆ ಏರಿದಂತೆ ಸದ್ದು ಸುಧಾರಿಸುತ್ತದೆಯೇ?

ಇದನ್ನು ಅಳೆದು ನೋಡಿದವರಿದ್ದಾರೆ. ಜೆರೋಯೆನ್ ಬ್ರೀಬಾರ್ಟ್ ಎಂಬ ಸಂಶೋಧಕ ಬೇರೆ ಬೇರೆ ಬೆಲೆಯ, ಬೇರೆ ಬೇರೆ ಬಗೆಯ 283 ಹೆಡ್‌ಫೋನ್‌ಗಳ ಅಳತೆಗಳನ್ನು ಹೋಲಿಸಿ 2017ರಲ್ಲಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಾಸ್ ಎಷ್ಟು, ಟ್ರೆಬಲ್ ಎಷ್ಟು, ಎಲ್ಲಿ ಏರಿದೆ, ಎಲ್ಲಿ ಇಳಿದಿದೆ ಎಂಬ ಲೆಕ್ಕಕ್ಕೂ ಬೆಲೆಗೂ ಸಂಬಂಧ ಕಾಣಲಿಲ್ಲ. ಗಟ್ಟಿತನ, ಹಾಕಿಕೊಂಡಾಗಿನ ಆರಾಮ, ಬಿಡಿಭಾಗ ಸಿಗುವುದು ಇವೆಲ್ಲ ಆ ಲೆಕ್ಕದಲ್ಲಿ ಇರಲಿಲ್ಲ, ನಿಜ. ಆದರೆ ಬೆಲೆಯ ಚೀಟಿ ನೋಡಿ 'ಇದು ಸರಿಯಾಗಿ ಕೇಳಿಸುತ್ತದೆ' ಎಂದು ಹೇಳಲು ಬರುವುದಿಲ್ಲ ಎಂಬುದು ಅಲ್ಲಿಗೆ ಗೊತ್ತಾಯಿತು.

ಪೆಟ್ಟಿಗೆಯ ಮೇಲಿನ ಅಂಕಿಗಳೂ ಅಷ್ಟೆ. 'ಹೈ-ರೆಸ್ ಆಡಿಯೋ' ಎಂಬ ಚಿನ್ನದ ಬಣ್ಣದ ಗುರುತು ಸಿಗಬೇಕಾದರೆ ಹೆಡ್‌ಫೋನ್ 40,000 ಹರ್ಟ್ಸ್‌ವರೆಗೆ ಸದ್ದು ಮಾಡಬೇಕು. ನಮ್ಮ ಕಿವಿಗೆ ಕೇಳಿಸುವುದು ಹೆಚ್ಚೆಂದರೆ 20,000 ಹರ್ಟ್ಸ್, ವಯಸ್ಸಾದಂತೆ ಅದೂ ಇಳಿಯುತ್ತದೆ. ಮಿಕ್ಕಿದ್ದು ಮನೆಯ ನಾಯಿಗೆ ಕೇಳಿಸಬಹುದು.

(ಹಿಂದೊಮ್ಮೆ ಎಲ್ಲರ ಮೊಬೈಲಿಗೂ ಬಂದಿದ್ದ '8ಡಿ ಆಡಿಯೋ' ನೆನಪಿದೆಯೇ? ಹಾಡನ್ನು ಎಡಕಿವಿಯಿಂದ ಬಲಕಿವಿಗೆ ಸುತ್ತಾಡಿಸಿ, ಒಂದಿಷ್ಟು ಪ್ರತಿಧ್ವನಿ ಸೇರಿಸಿದ್ದು ಅದು. ಎಂಟು ಆಯಾಮ ಎಂಬುದೇನೂ ಇರಲಿಲ್ಲ.)

ಪರೀಕ್ಷಿಸುವುದು ಹೇಗೆ?

ಅಂಗಡಿಯಲ್ಲಿ ಎರಡು ನಿಮಿಷ ಹಾಕಿಕೊಂಡು ಕೇಳಿದರೆ ಗೊತ್ತಾಗುವುದು ಕಡಿಮೆ, ಮೋಸ ಹೋಗುವುದೇ ಜಾಸ್ತಿ. ಕಾರಣ ವಾಲ್ಯೂಮ್. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು: ಸದ್ದು ಮೆಲ್ಲಗಿದ್ದಾಗ ಕಿವಿಗೆ ಬಾಸ್ ಕಡಿಮೆ ಕೇಳಿಸುತ್ತದೆ, ಜೋರಾದಂತೆ ಬಾಸ್ ತುಂಬಿಕೊಳ್ಳುತ್ತದೆ. ಹಾಗಾಗಿ ಎರಡು ಹೆಡ್‌ಫೋನ್‌ಗಳಲ್ಲಿ ತುಸು ಜೋರಾಗಿರುವುದೇ 'ಒಳ್ಳೆಯದು' ಎನಿಸುತ್ತದೆ. ಇಂಪೀಡೆನ್ಸ್ ಹೆಚ್ಚಿರುವ ಮಾದರಿಯನ್ನು, ಉದಾಹರಣೆಗೆ ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಹೆಡ್‌ಫೋನಿನ 250 ಓಮ್ ಆವೃತ್ತಿಯನ್ನು, ಮೊಬೈಲಿಗೆ ಸಿಕ್ಕಿಸಿದರೆ ಸದ್ದು ಮೆಲ್ಲಗೆ ಬರುತ್ತದೆ. ಜೀವವೇ ಇಲ್ಲ ಎಂದು ಬದಿಗಿಡುತ್ತೇವೆ. ತಪ್ಪು ಹೆಡ್‌ಫೋನಿನದಲ್ಲ, ಅದಕ್ಕೆ ಬೇಕಾದ ಆಂಪ್ಲಿಫೈಯರ್ ಅಲ್ಲಿಲ್ಲ. ಹೋಲಿಸುವ ಮೊದಲು ಒಂದೇ ಸದ್ದನ್ನು ಎರಡರಲ್ಲೂ ಹಾಕಿ, ಅತ್ತಿತ್ತ ಬದಲಿಸುತ್ತಾ ವಾಲ್ಯೂಮನ್ನು ಸಮ ಮಾಡಿಕೊಳ್ಳಿ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟರೆ ಮಿಕ್ಕ ಪರೀಕ್ಷೆಗೆ ಅರ್ಥವಿಲ್ಲ.

ಆಮೇಲೆ, ನೀವು ನೂರಾರು ಸಲ ಕೇಳಿದ ಹಾಡನ್ನೇ ಹಾಕಿ. ಅಂಗಡಿಯವರ ಡೆಮೋ ಹಾಡು ಬೇಡ, ಅದು ಚೆನ್ನಾಗಿ ಕೇಳಿಸಲೆಂದೇ ಆರಿಸಿದ್ದು. ಕಛೇರಿಯ ರೆಕಾರ್ಡಿಂಗ್ ಇದ್ದರೆ ಇನ್ನೂ ಒಳ್ಳೆಯದು. ಮೃದಂಗದ ಎಡಬದಿಯ ಗುಮ್ಮೆನ್ನುವ ಸದ್ದು ಪ್ರತಿ ಪೆಟ್ಟಿಗೂ ಬೇರೆಯಾಗಿ ಕೇಳಿಸುತ್ತದೆಯೇ, ಇಲ್ಲ ಒಂದೇ ಮೊತ್ತವಾಗಿ ಉಬ್ಬುತ್ತದೆಯೇ? ಹಿಂದೆ ತಂಬೂರಿ ನಿರಂತರ ಇದೆಯೇ, ದನಿ ಏರಿದಾಗ ಮುಳುಗಿಹೋಗುತ್ತದೆಯೇ? ನಡುವೆ ಇರಬೇಕಾದ ಗಾಯನ ಸರಿಯಾಗಿ ನಡುವೆಯೇ ನಿಂತಿದೆಯೇ? ಒಂದು ಬದಿಗೆ ವಾಲಿದರೆ ಎಡ-ಬಲದ ಡ್ರೈವರ್‌ಗಳು ಸಮವಾಗಿಲ್ಲ ಎಂದರ್ಥ.

ಕಪ್ಪಿನ ಅನುರಣನ ಹುಡುಕಲು ಸುಲಭ ದಾರಿ ಇದೆ. 1,000 ಹರ್ಟ್ಸ್‌ನಿಂದ 10,000 ಹರ್ಟ್ಸ್‌ವರೆಗೆ ನಿಧಾನವಾಗಿ ಏರುವ ಒಂಟಿ ಸ್ವರವನ್ನು ಮೆಲ್ಲನೆ ಹಾಕಿ ಕೇಳಿ. ಎಲ್ಲಾದರೂ ಥಟ್ಟನೆ ಚುಚ್ಚಿದರೆ ಗುರುತು ಹಾಕಿಕೊಳ್ಳಿ. ನಿಮ್ಮ ಕಿವಿಯ ನಾಳವೂ ಕೆಲವು ಸ್ವರಗಳನ್ನು ಎತ್ತುತ್ತದೆ, ಆದ್ದರಿಂದ ಇನ್ನೊಂದು ಹೆಡ್‌ಫೋನಿನಲ್ಲಿ ಅದೇ ಜಾಗಕ್ಕೆ ಬಂದು ನೋಡಿ. ಒಂದರಲ್ಲಿ ಮಾತ್ರ ಚುಚ್ಚಿದರೆ ಅದು ಹೆಡ್‌ಫೋನಿನ ಗುಣ. ಸೋರಿಕೆಯ ಪರೀಕ್ಷೆಗೆ, ತಾಳದ ಟಕ್ ಟಕ್ ಸದ್ದನ್ನು ಹಾಡುವಾಗ ಇಡುವಷ್ಟೇ ಜೋರಾಗಿಟ್ಟು, ಸುಮ್ಮನೆ ಮೈಕ್ ಮುಂದೆ ಕೂತು ರೆಕಾರ್ಡ್ ಮಾಡಿದರೆ ಸಾಕು. ಬ್ಲೂಟೂತ್ ಬಿಡಿ, ಸದ್ದು ಬರುವುದೇ ಸಾಮಾನ್ಯವಾಗಿ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ತಡ. ತಾಳಕ್ಕೆ ಹಾಡಲು ಅದು ಆಗದ ಮಾತು.

ಕೊನೆಯದೇ ದೊಡ್ಡ ಪರೀಕ್ಷೆ. ಆ ಹೆಡ್‌ಫೋನಿನಲ್ಲಿ ಒಂದು ನಿಮಿಷದ ತುಣುಕನ್ನು ಮಿಕ್ಸ್ ಮಾಡಿ, ಮೊಬೈಲಿನ ಸ್ಪೀಕರ್, ಟಿವಿ, ಕಾರು ಎಲ್ಲದರಲ್ಲೂ ಕೇಳಿ. ಪ್ರೊಡ್ಯೂಸರ್‌ಗೆ ಬೇಕಾದ್ದು ಕಿವಿಗೆ ಹಿತವಾದ ಹೆಡ್‌ಫೋನ್ ಅಲ್ಲ, ಹೊರಗೆ ಹೋದಾಗ ಮಾತು ತಪ್ಪದ ಹೆಡ್‌ಫೋನ್. 1978ರಲ್ಲಿ ಮನೆಬಳಕೆಗೆಂದು ಬಂದ ಯಮಾಹಾ ಎನ್‌ಎಸ್-10 ಎಂಬ ಪುಟ್ಟ ಸ್ಪೀಕರ್ ಮನೆಗಳಲ್ಲಿ ಅಷ್ಟೇನೂ ಮೆಚ್ಚುಗೆ ಪಡೆಯಲಿಲ್ಲ. ಆದರೆ ಜಗತ್ತಿನ ಸ್ಟುಡಿಯೋಗಳಲ್ಲಿ ದಶಕಗಳ ಕಾಲ ನಿಂತಿತು. ಮಿಕ್ಸಿನ ತಪ್ಪುಗಳನ್ನು ಅದು ಮುಚ್ಚಿಡುವುದಿಲ್ಲ ಎಂಬುದೇ ಎಂಜಿನಿಯರ್‌ಗಳಿಗೆ ಬೇಕಾಗಿತ್ತು.

ಇನ್ನು ವಾಲ್ಯೂಮ್ ಬಗ್ಗೆ ಒಂದು ಎಚ್ಚರಿಕೆ. ಮಿಕ್ಸಿಂಗ್ ಎಂದರೆ ದಿನಕ್ಕೆ ಏಳೆಂಟು ಗಂಟೆ ಹೆಡ್‌ಫೋನ್ ಹಾಕಿರುವುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬಲ್ ಆದರೆ ನಾಲ್ಕೇ ಗಂಟೆ. ಹೊರಗಿನ ಗದ್ದಲ ತಡೆಯುವ ಕ್ಲೋಸ್ಡ್ ಬ್ಯಾಕ್ ಇಲ್ಲಿ ಉಪಕಾರಿ, ಫ್ಯಾನಿನ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸಬೇಕಾಗಿಲ್ಲ. ಆದರೆ ಬಸ್ಸು, ಜನರೇಟರಿನಂಥ ತಗ್ಗು ಗುಡುಗನ್ನು ಅದು ಅಷ್ಟಾಗಿ ತಡೆಯದು. ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಅಂದಿನ ಕೆಲಸ ನಿಲ್ಲಿಸಿ, ಅದು ಉಳಿದುಕೊಂಡರೆ ಇಎನ್‌ಟಿ ವೈದ್ಯರನ್ನು ಕಾಣಿ. ಒಮ್ಮೆ ಹೋದ ಶ್ರವಣಶಕ್ತಿಯನ್ನು ಯಾವ ಹೆಡ್‌ಫೋನೂ ಮರಳಿ ಕೊಡುವುದಿಲ್ಲ.

ಆ ಓದುಗರಿಗೆ ನಾವು ಏನು ಹೇಳಿದೆವು?

ಹೇಳಲಿಲ್ಲ, ಒಂದು ಪ್ರಶ್ನೆ ಕೇಳಿದೆವು: 'ನೀವು ಕನ್ನಡಕ ಹಾಕುತ್ತೀರಾ?' ಹೌದು ಎಂದರು, ದಪ್ಪ ಕಡ್ಡಿಯ ಫ್ರೇಮು.

ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನಿನ ಬಾಸ್ ನಿಂತಿರುವುದು ಕುಶನ್ ಕಿವಿಯ ಸುತ್ತ ಗಾಳಿಯಾಡದಂತೆ ಕೂರುವುದರ ಮೇಲೆ. ಕನ್ನಡಕದ ಕಡ್ಡಿ ಅಲ್ಲೊಂದು ಸಂದು ಮಾಡಿದರೆ ಬಾಸ್ ಸೋರಿಹೋಗುತ್ತದೆ. ದಪ್ಪ ಕೂದಲು, ಸವೆದ ಕುಶನ್ ಕೂಡ ಇದನ್ನೇ ಮಾಡುತ್ತವೆ. ಕೇಳುವವರಿಗೆ ಬಾಸ್ ಸಾಲದು ಎನಿಸುತ್ತದೆ, ಮಿಕ್ಸಿನಲ್ಲಿ ಏರಿಸುತ್ತಾರೆ. ಕಾರಿನಲ್ಲಿ ಅದೇ ಗುಡುಗುತ್ತದೆ.

20ರಿಂದ 200 ಹರ್ಟ್ಸ್‌ವರೆಗಿನ ಸ್ವರವನ್ನು ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ಕೇಳಲು ಹೇಳಿದೆವು. ಮರುದಿನ ಅವರ ಧ್ವನಿ ಸಂದೇಶ ಬಂತು. ಕನ್ನಡಕ ತೆಗೆದ ಕೂಡಲೇ ಕೆಳಗಿನ ಸದ್ದೆಲ್ಲ ಎದ್ದು ಬಂತಂತೆ. ನಾಲ್ಕು ವರ್ಷದಿಂದ ಬದಲಿಸದ ಕುಶನ್ ಮುಟ್ಟಿದರೆ ಪುಡಿಯಾಗುತ್ತಿದೆಯಂತೆ. ಹೊಸ ಕುಶನ್ ತರಿಸಿಕೊಂಡು, ಕನ್ನಡಕ ಇಲ್ಲದೆ ಮಾಡಿದ ಮಿಕ್ಸ್ ಕಾರಿನಲ್ಲಿ ಗುಡುಗಲಿಲ್ಲ. ಗಾಯಕಿಯ ದನಿ ಮಾತ್ರ ಇನ್ನೂ ತುಸು ಹಿಂದೆಯೇ ಇದೆ, ಅದು ಕಪ್ಪಿನ ಗುಣವೇ ಇರಬೇಕು ಎಂದು ಅವರ ಅನುಮಾನ. ನಮಗೂ ಹಾಗೇ ತೋರುತ್ತದೆ. ಇಎಂಐ ಅರ್ಜಿ ಸದ್ಯಕ್ಕೆ ನಿಂತಿದೆ. ಮುಂದಿನ ವಾರ ತಮ್ಮದೇ ಲ್ಯಾಪ್‌ಟಾಪ್, ತಮ್ಮದೇ ಮಿಕ್ಸ್ ಹಿಡಿದುಕೊಂಡು ಅಂಗಡಿಗೆ ಹೋಗುತ್ತಾರಂತೆ, ಹತ್ತು ಸಾವಿರದ್ದರಿಂದ ಶುರು ಮಾಡಿ ಮೇಲಕ್ಕೆ ಒಂದೊಂದಾಗಿ ಕೇಳಲು.