ಉಪ್ಪು, ಪ್ಲಾಸ್ಟಿಕ್ ಮತ್ತು ಮೂಳೆ: ದೇಹಕ್ಕೊಂದು ಸಾರುವೆ ಕಟ್ಟೋದು ಹೇಗೆ?

ಇವತ್ತು ಮೂಳೆಯ ವಿಷಯ ಮಾತಾಡೋಣ.

ಸಣ್ಣ ಬಿರುಕನ್ನು ಮೂಳೆ ತಾನೇ ಕೂಡಿಸಿಕೊಳ್ಳುತ್ತೆ. ಆದರೆ ಅಪಘಾತದಲ್ಲೋ, ಗೆಡ್ಡೆ ತೆಗೆದಾಗಲೋ ದೊಡ್ಡ ತುಂಡೇ ಹೋದರೆ ಆ ಜಾಗ ತಾನಾಗಿ ತುಂಬಲ್ಲ. ಆಗ ಸಾಮಾನ್ಯವಾಗಿ ಸೊಂಟದ ಮೂಳೆಯಿಂದ ಸ್ವಲ್ಪ ತೆಗೆದು ಅಲ್ಲಿಗೆ ತುಂಬುತ್ತಾರೆ. ಅಂದ್ರೆ ಒಂದು ಗಾಯ ವಾಸಿ ಮಾಡೋಕೆ ಇನ್ನೊಂದು ಗಾಯ! ಅದಕ್ಕೇ ಸ್ಕ್ಯಾಫೋಲ್ಡ್ ಅನ್ನೋ ಯೋಚನೆ ಬಂದಿದ್ದು. ಕಟ್ಟಡಕ್ಕೆ ಸಾರುವೆ ಕಟ್ತಾರಲ್ಲ, ಹಾಗೆ. ಜೀವಕೋಶಗಳು ಅದನ್ನು ಹಿಡಿದು ಮೂಳೆ ಕಟ್ಟಬೇಕು, ಸಾರುವೆ ನಿಧಾನಕ್ಕೆ ಕರಗಿಹೋಗಬೇಕು.

ಇದನ್ನು ಮಾಡೋಕೆ ಬೇಕಾಗೋದು ಉಪ್ಪು. ಪಿಎಲ್‌ಜಿಎ ಅನ್ನೋ ಪಾಲಿಮರ್ ಇದೆ, ಕರಗುವ ಹೊಲಿಗೆ ದಾರಗಳಲ್ಲೂ ಅದನ್ನು ಬಳಸ್ತಾರೆ. ಅದನ್ನು ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ, ಜರಡಿ ಹಿಡಿದ ಉಪ್ಪಿನ ಹರಳಿನ ಜೊತೆ ಬೆರೆಸ್ತಾರೆ. ಆರಿದ ಮೇಲೆ ನೀರಲ್ಲಿ ನೆನೆಸಿದರೆ ಉಪ್ಪು ಕರಗಿ, ಅದರ ಜಾಗದಲ್ಲಿ ತೂತು ಉಳಿಯುತ್ತೆ. ರಕ್ತನಾಳ ಒಳಗೆ ಬೆಳೀಬೇಕಾದರೆ ತೂತು 300 ಮೈಕ್ರೋಮೀಟರ್‌ಗಿಂತ ದೊಡ್ಡದಿದ್ದರೆ ಒಳ್ಳೇದು. ಉಪ್ಪು ಕಮ್ಮಿ ಹಾಕಿದರೆ ತೂತುಗಳು ಒಂದಕ್ಕೊಂದು ಸೇರಲ್ಲ.

ಇಷ್ಟಾದರೂ ಅದು ಬರೀ ಪ್ಲಾಸ್ಟಿಕ್ಕೇ. ಮೇಲೆ ಮೂಳೆಯಲ್ಲಿರುವಂಥ ಖನಿಜದ ಪದರ, ಅಂದರೆ ಕ್ಯಾಲ್ಸಿಯಂ ಫಾಸ್ಫೇಟ್, ಕೂತರೆ ಜೀವಕೋಶಗಳಿಗೆ ಅದು ಪರಿಚಿತ ನೆಲ. ಲೋಹದ ಇಂಪ್ಲಾಂಟ್‌ಗೆ ಇದನ್ನು ಭಾರೀ ಬಿಸಿಯಲ್ಲಿ ಸ್ಪ್ರೇ ಮಾಡ್ತಾರೆ. ಇಲ್ಲಿ ಹಾಗೆ ಮಾಡಿದರೆ ಪಾಲಿಮರ್ ಕರಗಿ ಮುದ್ದೆಯಾಗುತ್ತೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಜಪಾನಿನ ತದಾಶಿ ಕೊಕುಬೊ ಮತ್ತು ಸಂಗಡಿಗರು 1990ರ ಸುಮಾರಿಗೆ ಒಂದು ದ್ರವ ರೂಪಿಸಿದರು, ಹೆಸರು ಎಸ್‌ಬಿಎಫ್. ರಕ್ತದ ಪ್ಲಾಸ್ಮಾದಲ್ಲಿರೋ ಲವಣಗಳೇ ಹೆಚ್ಚುಕಮ್ಮಿ ಅದೇ ಪ್ರಮಾಣದಲ್ಲಿ, ಪಿಎಚ್ 7.4, ಉಷ್ಣತೆ 36.5 ಡಿಗ್ರಿ. ಮೊದಲು ಸ್ಕ್ಯಾಫೋಲ್ಡನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದುತ್ತಾರೆ. ಆಗ ಅದರ ಮೈಮೇಲೆ ಕ್ಯಾಲ್ಸಿಯಂ ಎಳೆಯೋ ಜಾಗಗಳು ಹುಟ್ಟುತ್ತವೆ. ಆಮೇಲೆ ಎಸ್‌ಬಿಎಫ್‌ನಲ್ಲಿ ಮುಳುಗಿಸಿಟ್ಟು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯೋದು. ಬೋರ್‌ವೆಲ್ ನೀರಿಂದ ಗೀಸರ್ ಒಳಗೆ ಬಿಳಿ ಪದರ ಕಟ್ಟುತ್ತಲ್ಲ, ಖನಿಜ ಬೇರೆ, ಆಟ ಅಂಥದ್ದೇ.

ಕೆಲಸ ಕೆಡೋದು ಅವಸರದಲ್ಲಿ. ಲವಣಗಳನ್ನು ಒಂದೊಂದಾಗಿ, ಕ್ರಮ ತಪ್ಪದೆ ಕರಗಿಸಬೇಕು. ಇಲ್ಲಾಂದ್ರೆ ದ್ರವ ಮಬ್ಬಾಗುತ್ತೆ, ಖನಿಜವೆಲ್ಲ ತಳಕ್ಕೆ ಇಳಿಯುತ್ತೆ. ಅಂಥದ್ದನ್ನು ಚೆಲ್ಲಬೇಕು ಅಷ್ಟೆ. ಗಾಜಿನ ಪಾತ್ರೆಯೂ ಬೇಡ, ಅದರ ಮೈಮೇಲೇ ಹರಳು ಕಟ್ಟಬಹುದು. ಲವಣ ಹೆಚ್ಚಿಸಿ ಬೇಗ ಮುಗಿಸೋ ವಿಧಾನಗಳೂ ಇವೆ, ಆದರೆ ಹೊರಗಿನ ತೂತುಗಳೇ ಮುಚ್ಚಿಕೊಳ್ಳೋ ಅಪಾಯ ಇರುತ್ತೆ. ಹೊರಗೆ ಬೆಳ್ಳಗೆ ಕಂಡ ಫೋಟೋ ನೋಡಿ ನಾನಂತೂ ಒಪ್ಪಲ್ಲ. ಮಧ್ಯಕ್ಕೆ ಕತ್ತರಿಸಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಒಳಗೂ ಪದರ ಇದೆಯಾ ಅಂತ ನೋಡಲೇಬೇಕು.

ಇಷ್ಟೆಲ್ಲಾ ಸರಿಯಾದರೂ ತೊಡೆಮೂಳೆಯ ಭಾರವನ್ನು ಈ ಸಾರುವೆ ಒಂದೇ ಹೊರಲ್ಲ. ಪಕ್ಕದಲ್ಲಿ ಪ್ಲೇಟು, ಸ್ಕ್ರೂ ಬೇಕೇ ಬೇಕು.